ಮನೆಯ ವಿದ್ಯೆ ಬೇರೆ, ನೀರಿನ ವಿದ್ಯೆ ಬೇರೆಯೆ?

ವಿನ್ಯಾಸವಿದ್ಯೆಯನ್ನು ಕಲಿಸುವ ಶಾಲೆಗಳು ಸಂಜೆಯ ಹೊತ್ತಿನಲ್ಲಿ ತಮ್ಮ ಬಾಗಿಲುಗಳನ್ನು ಸಾರ್ವಜನಿಕರಿಗೆ ತೆರೆದು, ವಾಸ್ತುಶಿಲ್ಪವನ್ನೂ ವಸತಿಯನ್ನೂ ನೀರನ್ನೂ ಕುರಿತು ಉಪನ್ಯಾಸಗಳನ್ನು ಏರ್ಪಡಿಸುವ ಪದ್ಧತಿಯು ದೇಶವಿದೇಶಗಳಲ್ಲಿ ರೂಢವಾಗಿದೆ. ಇದು ಶ್ಲಾಘ್ಯವಾದ ಪದ್ಧತಿಯೆಂಬುದರಲ್ಲಿ ಸಂದೇಹವಿಲ್ಲ. ಶುಲ್ಕ ತೆತ್ತವನಿಗೆ ಮಾತ್ರವೇ ವಿದ್ಯೆಯೆಂಬ ಕಟ್ಟು ಒಂದು ಸಂಜೆಯ ಮಟ್ಟಿಗಾದರೂ ಸಡಿಲುವುದು ಸಣ್ಣ ಮಾತಲ್ಲ. ಆದರೆ ಇಂತಹ ಉಪನ್ಯಾಸಮಾಲೆಗಳ ಕಾರ್ಯಕ್ರಮ ಪತ್ರಿಕೆಯನ್ನು ಕೈಗೆತ್ತಿಕೊಂಡು ನೋಡಿದರೆ ಸಾಮಾನ್ಯವಾಗಿ ಒಂದು ವಿಚಿತ್ರವು ಕಣ್ಣಿಗೆ ಬೀಳುತ್ತದೆ. ಮೊದಲನೆಯ ಸಂಜೆ ವಾಸ್ತುಶಿಲ್ಪ. ಆ ದಿನದ ಉಪನ್ಯಾಸಕರು ಬೆಳಕು, ನೆರಳು, ಆಕಾರಗಳ ಮಾತಾಡುತ್ತಾರೆ. ಎರಡನೆಯ ಸಂಜೆ ವಸತಿ. ಆ ದಿನದವರು ಮನೆಗಳ ಸಂಖ್ಯೆ, ಸಾಲ, ಬಡ್ಡಿ, ಭೂಮಿಯ ಬೆಲೆಗಳ ಲೆಕ್ಕವನ್ನು ಒಪ್ಪಿಸುತ್ತಾರೆ. ಮೂರನೆಯ ಸಂಜೆ ನೀರು. ಆ ದಿನದವರು ನದಿ, ಜಲಾಶಯ, ಮಳೆಗಳ ನಕಾಶೆಗಳನ್ನು ತೋರಿಸುತ್ತಾರೆ. ಮೂರು ವಿಷಯಗಳೂ ಒಂದೇ ಕಾಗದದ ಮೇಲೆ ಅಚ್ಚಾಗಿರುತ್ತವೆ. ಆದರೆ ಒಂದರ ಮುಖವನ್ನೊಂದು ನೋಡುವುದಿಲ್ಲ. ಉಪನ್ಯಾಸವನ್ನು ಕೇಳಿದ ಗೃಹಸ್ಥನು ಮನೆಗೆ ಹಿಂದಿರುಗಿ ಕಾಲು ತೊಳೆಯಲು ಬಚ್ಚಲಿಗೆ ಹೋದರೆ, ಅಲ್ಲಿ ಆ ಮೂರೂ ಒಂದೇ ವಸ್ತುವಾಗಿ ಅವನನ್ನು ಎದುರುಗೊಳ್ಳುತ್ತವೆ.

ಮನೆಯ ವಿದ್ಯೆಯನ್ನೂ ನೀರಿನ ವಿದ್ಯೆಯನ್ನೂ ಹೀಗೆ ಎರಡು ಪಾಲು ಮಾಡಿದ್ದು ಕೇವಲ ಪಾಠಕ್ರಮದ ಸೌಕರ್ಯಕ್ಕಾಗಿ ಎಂದು ಹೇಳುವವರಿದ್ದಾರೆ. ವಸ್ತುತಃ ಅದು ಸೌಕರ್ಯವಲ್ಲ, ಪ್ರಮಾದ; ಪಟ್ಟಣಗಳು ಬೇಸಿಗೆಯಲ್ಲಿ ಬಾಯಾರಿ ಮಳೆಗಾಲದಲ್ಲಿ ಮುಳುಗುವುದಕ್ಕೆ ಇರುವ ಕಾರಣಗಳಲ್ಲಿ ಮುಖ್ಯವಾದ ಪ್ರಮಾದ. ಇದನ್ನು ಸಾಧಿಸುವುದಕ್ಕೆ ದೂರ ಹೋಗಬೇಕಾದುದಿಲ್ಲ, ಬೆಂಗಳೂರೊಂದೇ ಸಾಕು.

ಮೊದಲು ಪ್ರತಿಪಕ್ಷದವರ ವಾದವನ್ನು ನ್ಯಾಯವಾಗಿ ಮಂಡಿಸುವುದು ಯುಕ್ತ. ಅವರು ಹೇಳುವುದಿಷ್ಟು: "ಈಗಿನದು ವಿಶೇಷಜ್ಞರ ಕಾಲ. ವೈದ್ಯನು ಹೇಗೆ ಹಲ್ಲನ್ನೂ ಹೃದಯವನ್ನೂ ಒಬ್ಬನೇ ನೋಡಲಾರನೋ ಹಾಗೆಯೇ ಮನೆಯ ರೂಪವನ್ನು ಕಲ್ಪಿಸುವವನು ಕೊಳವೆಯ ಒತ್ತಡವನ್ನೂ ಕೆರೆಯ ಕೋಡಿಯನ್ನೂ ಬಲ್ಲವನಾಗಿರಲಾರನು. ಅವನು ಗೋಡೆಯನ್ನೆಬ್ಬಿಸಲಿ, ನೀರನ್ನು ಒದಗಿಸುವುದಕ್ಕೆ ಜಲಮಂಡಲಿಯುಂಟು, ನಿವೇಶನವನ್ನು ಹಂಚುವುದಕ್ಕೆ ಪ್ರಾಧಿಕಾರವುಂಟು. ತಂತಮ್ಮ ಕೆಲಸವನ್ನು ಅವರವರು ಚೆನ್ನಾಗಿ ಮಾಡಿದರೆ ಒಟ್ಟು ಕೆಲಸ ತಾನಾಗಿಯೇ ಚೆನ್ನಾಗುತ್ತದೆ."

ಕೇಳುವುದಕ್ಕೆ ಹಿತವಾದ ಮಾತು. ಆದರೆ ಹಲ್ಲಿನ ವೈದ್ಯನು ಹೃದಯದ ಮೇಲೆ ಕಾಲಿಟ್ಟು ನಿಂತು ಹಲ್ಲು ಕೀಳುವುದಿಲ್ಲ. ಮನೆ ಕಟ್ಟುವವನಾದರೋ ಮಳೆಯು ಇಂಗಬೇಕಾದ ನೆಲದ ಮೇಲೆಯೇ ನಿಂತು ಕಟ್ಟುತ್ತಾನೆ. ಅವನ ಪಾಯವು ಒಂದು ಕಾಲುವೆಯ ದಾರಿಯನ್ನು ಮುಚ್ಚಬಹುದು; ಅವನ ತಾರಸಿಯು ಒಂದು ತೋಟದಷ್ಟು ಮಳೆಯನ್ನು ಬೀದಿಗೆ ತಳ್ಳಬಹುದು; ಅವನ ಅಂಗಳದ ಸಿಮೆಂಟು ಪಕ್ಕದ ಬಾವಿಯ ಬಾಯಿಯನ್ನು ಒಣಗಿಸಬಹುದು. ನೀರಿಗೆ ಸಂಬಂಧಪಡದ ಒಂದು ಗೆರೆಯನ್ನೂ ವಾಸ್ತುಶಿಲ್ಪಿಯು ಕಾಗದದ ಮೇಲೆ ಎಳೆಯಲಾರನು. ಹೀಗಿರಲು, ನೀರು ತನ್ನ ವಿಷಯವಲ್ಲವೆಂದು ಅವನು ಹೇಳುವುದು, ಬೆಂಕಿ ತನ್ನ ವಿಷಯವಲ್ಲವೆಂದು ಅಡಿಗೆಯವನು ಹೇಳಿದಂತೆಯೇ ಸರಿ.

ಕನ್ನಡ ನಾಡಿನ ಹಿಂದಿನ ಕಟ್ಟೋಣಗಾರರು ಈ ಭೇದವನ್ನು ಅರಿಯರು. ವಿಜಯಪುರದ ಗೋಳಗುಮ್ಮಟವನ್ನು ನೋಡದ ಶಾಲಾಪ್ರವಾಸವಿಲ್ಲ. ಅದರ ಪಿಸುಮಾತಿನ ಮೊಗಸಾಲೆಯಲ್ಲಿ ಕೂಗದ ಹುಡುಗನಿಲ್ಲ. ಆದರೆ ಅದೇ ಪಟ್ಟಣದಲ್ಲಿ ಅಲ್ಲಲ್ಲಿ ಒಂಟಿಯಾಗಿ ನಿಂತಿರುವ ಕಲ್ಲಿನ ಗಂಜುಗಳನ್ನು ಬೆರಳು ಮಾಡಿ ತೋರಿಸುವ ಉಪಾಧ್ಯಾಯರು ಎಷ್ಟು ಮಂದಿ? ಆದಿಲಶಾಹಿಗಳ ಕಾಲದಲ್ಲಿ ತೊರವಿಯ ಕಡೆಯಿಂದ ಸುರಂಗದ ಮೂಲಕವೂ, 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಗಳ ಮೂಲಕವೂ ಪಟ್ಟಣಕ್ಕೆ ನೀರು ಬರುತ್ತಿತ್ತು. ಕೊಳವೆಗಳು ಒತ್ತಡದಿಂದ ಒಡೆಯದಿರಲೆಂದೂ ಹೂಳು ತಳಕ್ಕಿಳಿಯಲೆಂದೂ ದಾರಿಯುದ್ದಕ್ಕೂ ಎಬ್ಬಿಸಿದ ಗೋಪುರಗಳೇ ಈ ಗಂಜುಗಳು. 1620ರ ತಾಜ್ ಬಾವಡಿಯ ಮುಂದೆ ನಿಂತವನಿಗೆ, ಇದು ಅರಮನೆಯ ಮಹಾದ್ವಾರವೋ ಬಾವಿಯ ಬಾಯಿಯೋ ಎಂಬ ಭ್ರಮೆ ಹುಟ್ಟುತ್ತದೆ. ಗುಮ್ಮಟವನ್ನು ಎತ್ತಬಲ್ಲ ರಾಜ್ಯವು ನೀರನ್ನು ಇಳಿಸುವುದಕ್ಕೂ ಅಷ್ಟೇ ಮಾನವನ್ನು ಕೊಟ್ಟಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬೀದರದ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗಬಾವಿಯು ಸುಮಾರು 3 ಕಿಲೋಮೀಟರ್ ಉದ್ದಕ್ಕೆ ನೆಲದೊಳಗೆ ಸಾಗುತ್ತದೆ. ಪರ್ಷಿಯದ ವಿದ್ಯೆಯನ್ನು ಬೀದರದ ಕೆಂಪು ಮುರಕಲ್ಲಿಗೆ ಒಗ್ಗಿಸಿದ ಕೈಗಳು ಯಾರವೋ ತಿಳಿಯದು. ಆದರೆ ಆ ಕೈಗಳು ಕಲ್ಲನ್ನೂ ಬಲ್ಲವು, ನೀರನ್ನೂ ಬಲ್ಲವು. ಹಂಪೆಯ ಮಹಾನವಮಿ ದಿಬ್ಬದ ಬಳಿ 1980ರ ದಶಕದ ಉತ್ಖನನದಲ್ಲಿ ಹೊರಬಿದ್ದ ಮೆಟ್ಟಿಲುಗಳ ಪುಷ್ಕರಿಣಿಯನ್ನು ಯಾತ್ರಿಕರು ಬೆರಗಾಗಿ ನೋಡುತ್ತಾರೆ. ಅಲ್ಲಿಯೇ ಕಲ್ಲುಕಂಬಗಳ ಮೇಲೆ ಹಾಯುವ ಕಲ್ಲುದೋಣಿಯ ಸಾಲನ್ನು ಕಂಡವರು, ಪುಷ್ಕರಿಣಿಯು ಒಂಟಿಯಾದ ಅಲಂಕಾರವಲ್ಲ, ಒಂದು ವ್ಯವಸ್ಥೆಯ ಕೊನೆಯ ತುದಿ ಎಂಬುದನ್ನು ತಿಳಿಯುತ್ತಾರೆ. ಲಕ್ಕುಂಡಿಯ ಮಾಣಿಕೇಶ್ವರ ದೇವಾಲಯದ ಮುಸುಕಿನ ಬಾವಿಯಲ್ಲಿ ಗುಡಿಯು ಎಲ್ಲಿ ಮುಗಿದು ಬಾವಿಯು ಎಲ್ಲಿ ಮೊದಲಾಗುವುದೆಂದು ಗೆರೆ ಎಳೆಯಬಲ್ಲ ಪಂಡಿತರಿದ್ದರೆ ಎಳೆಯಲಿ.

ಅರಸರ ಮಾತು ಅಂತಿರಲಿ. ಸಾಮಾನ್ಯ ಗೃಹಸ್ಥನ ತೊಟ್ಟಿಯ ಮನೆಯನ್ನಾದರೂ ನೋಡಬಹುದು. ನಾಲ್ಕು ಕಡೆಯ ಮಾಡು ಒಳಮುಖವಾಗಿ ಇಳಿದು ಮಳೆಯನ್ನು ನಡುವಣ ತೊಟ್ಟಿಗೆ ಕರೆತರುತ್ತದೆ. ಸೂರಿನ ಕೆಳಗೆ ಹಂಡೆ ಕೊಳಗಗಳು ಸಾಲಾಗಿ ಕಾದಿರುತ್ತವೆ. ಹೆಚ್ಚಿನ ನೀರು ಹಿತ್ತಲಿನ ಬಾಳೆಗೆ ಹರಿಯುತ್ತದೆ. ಮಳೆಯ ನೀರಿನಲ್ಲಿ ಬೇಳೆ ಬೇಗ ಬೇಯುವುದೆಂಬುದು ಅಜ್ಜಿಯರಿಗೆ ತಿಳಿದಿತ್ತು. ಗಡಸು ನೀರಿನ ರಸಾಯನಶಾಸ್ತ್ರವು ಅವರಿಗೆ ತಿಳಿಯದಿದ್ದರೇನು! ಆ ಮನೆಯನ್ನು ಕಟ್ಟಿದ ಗಾರೆಯವನು ಯಾವ ಶಾಲೆಯಲ್ಲಿಯೂ ಮೂರು ಸಂಜೆಗಳ ಉಪನ್ಯಾಸವನ್ನು ಕೇಳಿದವನಲ್ಲ.

ಹಾಗಾದರೆ ಈ ಒಂದು ವಿದ್ಯೆಯು ಎರಡಾದುದು ಎಂದು? ಬೆಂಗಳೂರಿನ ಮಟ್ಟಿಗೆ ಅದಕ್ಕೆ ಉತ್ತರವು ಸುಲಭ. 1890ರ ದಶಕದಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ಅರ್ಕಾವತಿಯ ಮೇಲಿನ ಹೆಸರಘಟ್ಟದ ಕೆರೆಯಿಂದ ಕೊಳವೆಯ ಮೂಲಕ ಪಟ್ಟಣಕ್ಕೆ ನೀರು ಬಂದಿತು. 1898ರಲ್ಲಿ ಪ್ಲೇಗು ಬಂದೆರಗಿದ ಮೇಲೆ ಗಾಳಿಬೆಳಕುಗಳಿರುವ ಬಸವನಗುಡಿ, ಮಲ್ಲೇಶ್ವರ ಮೊದಲಾದ ಬಡಾವಣೆಗಳು ಬೆಳೆದವು. ಹೆಸರಘಟ್ಟವು ಸಾಲದಾಗಲು 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವು ಸಿದ್ಧವಾಯಿತು. ಅದೂ ಸಾಲದಾಗಲು 1974ರಲ್ಲಿ ಕಾವೇರಿಯ ಮೊದಲನೆಯ ಹಂತದ ನೀರು ಬಂದಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವು ಉದ್ಘಾಟಿತವಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಹೆಚ್ಚಾಗಿ ತರುವ ಶಕ್ತಿ ಒದಗಿತು. ಆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಹೊರಟು, ಸುಮಾರು 500 ಮೀಟರ್ ಎತ್ತರಕ್ಕೆ ಯಂತ್ರಗಳಿಂದ ಎತ್ತಲ್ಪಟ್ಟು ಮನೆಯ ನಲ್ಲಿಯನ್ನು ಸೇರುತ್ತದೆ.

ಇಂಜಿನಿಯರುಗಳ ಈ ಸಾಹಸವನ್ನು ಹಳಿಯುವುದು ಕೃತಘ್ನತೆಯಾದೀತು. ಕಾಲರಾ, ನಾರುಹುಣ್ಣುಗಳ ಕಾಲವನ್ನು ಕಂಡ ಹಿರಿಯರು ನಲ್ಲಿಯ ನೀರಿಗೆ ಕೈಮುಗಿದದ್ದು ಸಹಜವೇ. ಆದರೆ ನಲ್ಲಿಯು ದೇಹಕ್ಕೆ ಆರೋಗ್ಯವನ್ನು ಕೊಟ್ಟಂತೆಯೇ ಬುದ್ಧಿಗೆ ಒಂದು ಆಲಸ್ಯವನ್ನೂ ಕೊಟ್ಟಿತು. ನೀರು ಎಲ್ಲಿಂದಲೋ ಬರುತ್ತದೆ, ಎಲ್ಲಿಗೋ ಹೋಗುತ್ತದೆ, ನಡುವೆ ತಿರುಪು ತಿರುಗಿಸುವುದಷ್ಟೇ ಮನೆಯ ಕೆಲಸ ಎಂಬ ನಂಬಿಕೆ ಬೇರೂರಿತು. ಆ ದಿನದಿಂದ ವಾಸ್ತುಶಿಲ್ಪಿಗೆ ಕೆರೆಯು ಸಂಬಂಧವಿಲ್ಲದ ವಸ್ತುವಾಯಿತು. ಕೆರೆಯ ತೂಬನ್ನು ಕಾಯುತ್ತಿದ್ದ ನೀರಗಂಟಿಯು ಕೆಲಸವಿಲ್ಲದವನಾದನು. ಏರಿಯ ಹಿಂದಿನ ನೀರಿದ್ದ ಜಾಗವು ಖಾಲಿ ನಿವೇಶನದಂತೆ ಕಾಣತೊಡಗಿತು.

ಕಾಣತೊಡಗಿದ್ದು ಮಾತ್ರವಲ್ಲ, ಹಾಗೆಯೇ ಆಯಿತು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಕೆಂಪೇಗೌಡ ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕೋರಮಂಗಲದ ಕೆರೆಯಂಗಳದಲ್ಲಿ ಬಹುಮಹಡಿಯ ವಸತಿಗಳೆದ್ದವು. ಇವನ್ನು ಕಟ್ಟಿದವರು ಕಳ್ಳರಲ್ಲ, ಅಜ್ಞಾನಿಗಳೂ ಅಲ್ಲ. ಪದವಿಗಳನ್ನು ಪಡೆದವರು, ನಕ್ಷೆಗಳಿಗೆ ಮೊಹರು ಹಾಕಿಸಿಕೊಂಡವರು. ಕೆರೆಯು ತಮ್ಮ ಪಾಠಪಟ್ಟಿಯಲ್ಲಿ ಇರಲಿಲ್ಲವೆಂಬುದೊಂದೇ ಅವರ ದೋಷ. ಬೆಂಗಳೂರು ಹೊಳೆಯ ದಂಡೆಯ ಊರಲ್ಲ. ಏಣಿನ ಮೇಲಿನ ಊರು. ಅಲ್ಲಿ ಬಿದ್ದ ಮಳೆ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಕಣಿವೆಗಳಲ್ಲಿ ಇಳಿದು, ಒಂದು ಪಾಲು ಅರ್ಕಾವತಿಯ ಮೂಲಕ ಕಾವೇರಿಗೂ ಉಳಿದುದು ದಕ್ಷಿಣ ಪಿನಾಕಿನಿಗೂ ಹೋಗುತ್ತದೆ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಎಂಬ ಸರಪಳಿಯನ್ನು ಹಿರಿಯರು ಕಣಿವೆಯುದ್ದಕ್ಕೂ ಹೆಣೆದಿದ್ದರು. ಸರಪಳಿಯ ಒಂದು ಕೊಂಡಿಯನ್ನು ತೆಗೆದು ಅಲ್ಲಿ ಮನೆ ಕಟ್ಟಿದರೆ, ನೀರು ತನ್ನ ಹಳೆಯ ವಿಳಾಸವನ್ನು ಮರೆಯುವುದಿಲ್ಲ. ಮಳೆಗಾಲದಲ್ಲಿ ಹುಡುಕಿಕೊಂಡು ಬಂದೇ ಬರುತ್ತದೆ.

2022ರ ಸೆಪ್ಟೆಂಬರಿನಲ್ಲಿ ಅದು ಹಾಗೆಯೇ ಬಂದಿತು. ಬೆಳ್ಳಂದೂರಿನ ಸುತ್ತಿನ ಶ್ರೀಮಂತ ಬಡಾವಣೆಗಳಲ್ಲಿ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಗೆ ಸಾಗಿಸಬೇಕಾಯಿತು. ಅದೇ ವಾರದಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಯಂತ್ರಾಗಾರಕ್ಕೆ ಮಳೆಯ ನೀರು ನುಗ್ಗಿ, ಕಾವೇರಿಯನ್ನು ಮೇಲೆತ್ತುವ ಯಂತ್ರಗಳು ನಿಂತು, ಪಟ್ಟಣದ ಎಷ್ಟೋ ಭಾಗಗಳಲ್ಲಿ ನಲ್ಲಿಗಳು ಒಣಗಿದವು. ಬೀದಿಯ ತುಂಬ ನೀರು, ಕೊಡದಲ್ಲಿ ನೀರಿಲ್ಲ! ಇದಾದ ಒಂದೂವರೆ ವರ್ಷಕ್ಕೆ, 2024ರ ಮಾರ್ಚಿಯಲ್ಲಿ, ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ಕಾರು ತೊಳೆಯುವುದನ್ನೂ ಕಟ್ಟಡ ಕಟ್ಟುವುದನ್ನೂ ನಿಷೇಧಿಸಿ 5,000 ರೂಪಾಯಿ ದಂಡವನ್ನು ವಿಧಿಸಬೇಕಾಯಿತು. ಟ್ಯಾಂಕರುಗಳ ನೀರಿಗೆ ಸರಕಾರವೇ ದರ ಕಟ್ಟಬೇಕಾಯಿತು. ಪ್ರವಾಹವೂ ಬರವೂ ಎರಡು ವೈರಿಗಳೆಂದು ತಿಳಿದಿದ್ದವರಿಗೆ, ಅವು ಒಂದೇ ತಪ್ಪಿನ ಎರಡು ಫಲಗಳೆಂಬುದು ಆಗಲಾದರೂ ಹೊಳೆಯಬೇಡವೆ? ಇಂಗಬೇಕಾದಾಗ ಇಂಗದೆ ಹರಿದ ನೀರೇ ಬೇಸಿಗೆಯಲ್ಲಿ ಇಲ್ಲದ ನೀರು.

ವಾದವು ಬರಿಯ ಮಾತಾಗದಿರಲೆಂದು ಒಂದು ಲೆಕ್ಕವನ್ನು ಮುಂದಿಡುವುದು ಒಳ್ಳೆಯದು. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ ಸುಮಾರು 970 ಮಿಲಿಮೀಟರ್. ಮೂವತ್ತು ನಲವತ್ತು ಅಡಿಗಳ ನಿವೇಶನವು 1,200 ಚದರಡಿ, ಅಂದರೆ ಸುಮಾರು 111 ಚದರ ಮೀಟರ್. ಅಷ್ಟು ನೆಲದ ಮೇಲೆ ವರ್ಷಕ್ಕೆ ಬೀಳುವ ಮಳೆ ಹತ್ತಿರ ಹತ್ತಿರ 1,08,000 ಲೀಟರ್. ಆವಿಯಾಗಿಯೂ ಚೆಲ್ಲಿಯೂ ಹೋಗುವುದನ್ನು ಐದರಲ್ಲಿ ಒಂದು ಪಾಲೆಂದು ಕಳೆದರೂ 86,000 ಲೀಟರ್ ಉಳಿಯುತ್ತದೆ. ಪಟ್ಟಣದ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಎಂಬ ಸರಕಾರದ ಮಾನದಂಡದಂತೆ ಐದು ಜನರ ಮನೆಗೆ ದಿನಕ್ಕೆ 675 ಲೀಟರ್ ಬೇಕು. ಅಂದಮೇಲೆ ಆ ಮನೆಯ ಮೇಲೆಯೇ ಬಿದ್ದ ಮಳೆ ಆ ಮನೆಗೆ ನಾಲ್ಕು ತಿಂಗಳಿಗೂ ಮಿಗಿಲಾಗಿ ಸಾಕು. ಇನ್ನೊಂದು ಮಾತು: ಆ 135 ಲೀಟರಿನಲ್ಲಿ 45 ಲೀಟರ್ ಶೌಚಗೃಹವನ್ನು ತೊಳೆಯುವುದಕ್ಕೆಂದು ಎಣಿಸಿದ ನೀರು. ಅರ್ಧ ಕಿಲೋಮೀಟರ್ ಮೇಲಕ್ಕೆ ಎತ್ತಿ, ಶೋಧಿಸಿ, ಔಷಧ ಬೆರೆಸಿ ತಂದ ಕಾವೇರಿಯ ಮೂರರಲ್ಲೊಂದು ಪಾಲು ಮಲವನ್ನು ತಳ್ಳುವುದಕ್ಕೆ! ಬಚ್ಚಲಿನ ನೀರನ್ನು ಶೌಚಕ್ಕೆ ತಿರುಗಿಸುವ ಎರಡನೆಯ ಕೊಳವೆಯನ್ನು ಗೋಡೆಯೆಬ್ಬಿಸುವ ಮೊದಲೇ ನಕ್ಷೆಯಲ್ಲಿ ಬರೆದಿದ್ದರೆ ಅದಕ್ಕೆ ತಗಲುವ ವೆಚ್ಚವು ಅಲ್ಪ. ಮನೆ ಮುಗಿದ ಮೇಲೆ ಗೋಡೆಯನ್ನು ಕೊರೆಯುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಆ ನಕ್ಷೆಯನ್ನು ಬರೆಯುವವನು ವಾಸ್ತುಶಿಲ್ಪಿಯೇ ಹೊರತು ಜಲಮಂಡಲಿಯ ಅಧಿಕಾರಿಯಲ್ಲ.

ಇಲ್ಲಿ ಪ್ರತಿಪಕ್ಷದವರು ಎರಡನೆಯ ಆಕ್ಷೇಪವನ್ನು ತರುತ್ತಾರೆ: "ಇದಕ್ಕೆಲ್ಲ ಶಾಸನವಾಗಿದೆಯಲ್ಲ!" ನಿಜ, ಆಗಿದೆ. 2009ರಲ್ಲಿ ಜಲಮಂಡಲಿಯ ಕಾಯಿದೆಗೆ ತಿದ್ದುಪಡಿಯಾಗಿ, ಮೂವತ್ತು ನಲವತ್ತರ ನಿವೇಶನದಲ್ಲಿಯೂ ಅದಕ್ಕೆ ಮೀರಿದುದರಲ್ಲಿಯೂ ಹೊಸದಾಗಿ ಕಟ್ಟುವ ಮನೆಗಳಿಗೆ ಮಳೆಯ ನೀರಿನ ಸಂಗ್ರಹವು ಕಡ್ಡಾಯವಾಯಿತು. ಆದರೆ ಶಾಸನದ ನೀರು ಬೇರೆ, ಸಂಪಿನ ನೀರು ಬೇರೆ. ಒಂದು ಕೊಳವೆಯನ್ನು ತಾರಸಿಯಿಂದ ಇಳಿಸಿ, ಒಂದು ಪೀಪಾಯಿಗೆ ಜಲ್ಲಿ ಮರಳು ತುಂಬಿ, ಪರೀಕ್ಷಕನಿಗೆ ತೋರಿಸಿ, ಆಮೇಲೆ ಅದರ ಮುಖವನ್ನೇ ನೋಡದವರಿಗೆ ಕಾಯಿದೆಯು ಏನು ಮಾಡೀತು? ತಾನು ಅರಿಯದುದನ್ನು ದಂಡದ ಭಯದಿಂದ ಮಾಡುವವನು ಅದನ್ನು ಶಾಸ್ತ್ರಕ್ಕೆ ಮಾಡುತ್ತಾನೆ. ಅರಿತವನು ಅದನ್ನು ಮನೆಯ ಅಂಗವಾಗಿ ಮಾಡುತ್ತಾನೆ. ಅರಿವನ್ನು ಕೊಡುವುದು ಶಾಲೆಯ ಕೆಲಸ. ಶಾಲೆಯು ತನ್ನ ಕೆಲಸವನ್ನು ಮಾಡದಿದ್ದಾಗಲೇ ದಂಡದ ಕೆಲಸವು ಹೆಚ್ಚುವುದು.

ಮೂರನೆಯ ಆಕ್ಷೇಪವು ಹೆಚ್ಚು ತೂಕವುಳ್ಳದ್ದು. ಅದನ್ನು ಹಾರಿಸಿ ಮುಂದೆ ಹೋಗುವುದು ಅಪ್ರಾಮಾಣಿಕವಾದೀತು. "ಹಳೆಯ ಬಾವಿ ಕೆರೆಗಳನ್ನು ಹಾಡಿ ಹೊಗಳುವವರೆ, ಆ ಬಾವಿಯ ಕಟ್ಟೆಯನ್ನು ಯಾರು ಹತ್ತಬಹುದಾಗಿತ್ತು, ಯಾರು ಹತ್ತಬಾರದಾಗಿತ್ತು ಎಂಬುದನ್ನು ಮರೆತಿರಾ?" ಎಂದು ಕೇಳುವವರ ಪ್ರಶ್ನೆ ಅದು. ಮರೆಯತಕ್ಕದ್ದಲ್ಲ. 1927ರ ಮಾರ್ಚಿ 20ರಂದು ಅಂಬೇಡ್ಕರರು ಮಹಾಡದ ಚವದಾರ ಕೆರೆಯ ನೀರನ್ನು ಬೊಗಸೆಯಲ್ಲೆತ್ತಿ ಕುಡಿದದ್ದು ಬಾಯಾರಿಕೆಗಾಗಿ ಮಾತ್ರವಲ್ಲ, ಮನುಷ್ಯತ್ವಕ್ಕಾಗಿ. ಸಂವಿಧಾನದ 15ನೆಯ ವಿಧಿಯು ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಸಿಯೇ ಹೇಳಬೇಕಾಗಿ ಬಂದದ್ದು ಈ ನಾಡಿನ ನೀರಿಗೆ ಅಂಟಿದ್ದ ಕಳಂಕದ ಲಿಖಿತ ಸಾಕ್ಷ್ಯ. ನಲ್ಲಿಯ ನೀರು ಕುಲವನ್ನು ಕೇಳುವುದಿಲ್ಲವೆಂಬ ಹೊಗಳಿಕೆಯಲ್ಲಿ ಸತ್ಯಾಂಶವುಂಟು. ಆದುದರಿಂದ ಹಳೆಯದಕ್ಕೆ ಹಿಂದಿರುಗಿ ಎಂಬುದು ಇಲ್ಲಿಯ ವಾದವೇ ಅಲ್ಲ. ಹಳೆಯವರು ನೀರನ್ನೂ ಮನೆಯನ್ನೂ ಒಂದಾಗಿ ಕಂಡರು, ಮನುಷ್ಯರನ್ನು ಬೇರೆಬೇರೆಯಾಗಿ ಕಂಡರು. ಮೊದಲನೆಯದು ಅವರ ಜಾಣ್ಮೆ, ಎರಡನೆಯದು ಅವರ ಪಾಪ. ಜಾಣ್ಮೆಯನ್ನು ಉಳಿಸಿಕೊಂಡು ಪಾಪವನ್ನು ಕಳೆಯುವುದೇ ಹೊಸ ವಿದ್ಯೆಯ ಕರ್ತವ್ಯ. ಆದರೆ ನಡೆದದ್ದೇನು? ನಲ್ಲಿಯು ಕುಲವನ್ನು ಕೇಳದಿದ್ದರೂ ವಿಳಾಸವನ್ನು ಕೇಳುತ್ತದೆ. ಮಂಜೂರಾದ ನಕ್ಷೆಯಿಲ್ಲದ ಕೇರಿಗೆ ಕೊಳವೆಯು ಕೊನೆಯಲ್ಲಿ ಬರುತ್ತದೆ. ಅಲ್ಲಿಯ ಹೆಂಗಸು ಇರುಳು ಎರಡು ಗಂಟೆಗೆ ಎದ್ದು ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳನ್ನು ಸಾಲಿಗಿಟ್ಟು ಕಾಯುತ್ತಾಳೆ. ದೊಡ್ಡ ವಸತಿಸಮುಚ್ಚಯದ ಈಜುಕೊಳಕ್ಕೆ ಟ್ಯಾಂಕರು ಹೋಗುವ ದಾರಿಯಲ್ಲಿಯೇ ಆ ಸಾಲು ನಿಂತಿರುತ್ತದೆ.

ಆದುದರಿಂದಲೇ ವಸತಿಯ ಉಪನ್ಯಾಸವನ್ನು ನೀರಿನ ಉಪನ್ಯಾಸದಿಂದ ಬೇರ್ಪಡಿಸುವುದು ಬಡವರಿಗೆ ಮಾಡುವ ದ್ರೋಹ. ಮನೆಗಳಿಷ್ಟು ಲಕ್ಷ ಕಟ್ಟಿದೆವೆಂಬ ಎಣಿಕೆಯಲ್ಲಿ ಗೋಡೆ ಮಾಡುಗಳು ಸೇರುತ್ತವೆ, ನೀರು ಸೇರುವುದಿಲ್ಲ. ಮನೆಯೆಂದರೆ ಏನೆಂಬುದನ್ನು ಬೇರೆ ರೀತಿಯಲ್ಲಿ ಎಣಿಸಿದ ಒಂದು ಉದಾಹರಣೆಯು ಇಂದೂರಿನಲ್ಲಿದೆ. ಅಹಮದಾಬಾದಿನಲ್ಲಿ 1962ರಲ್ಲಿ ವಾಸ್ತುಶಿಲ್ಪಶಾಲೆಯನ್ನು ಸ್ಥಾಪಿಸಿದ ಬಾಲಕೃಷ್ಣ ದೋಶಿಯವರು 1980ರ ದಶಕದಲ್ಲಿ ಅಲ್ಲಿಯ ಅರಣ್ಯ ಎಂಬ ವಸತಿಯನ್ನು ಯೋಜಿಸಿದರು. ಸುಮಾರು 6,500 ನಿವೇಶನಗಳ ಆ ಯೋಜನೆಯಲ್ಲಿ ಬಡವನಿಗೆ ಪೂರ್ತಿ ಕಟ್ಟಿದ ಪೆಟ್ಟಿಗೆಯಂತಹ ಮನೆಯನ್ನು ಕೊಡಲಿಲ್ಲ. ಪಾಯ, ನೀರು, ಶೌಚಗೃಹ ಇವುಗಳ ಒಂದು ತಿರುಳನ್ನು ಕೊಟ್ಟು, ಉಳಿದುದನ್ನು ಕೈಗೆ ಹಣ ಬಂದಂತೆ ಅವನೇ ಕಟ್ಟಿಕೊಳ್ಳಲಿ ಎಂದು ಬಿಟ್ಟರು. ಗೋಡೆಯನ್ನು ಬಡವನು ಹೇಗಾದರೂ ಎಬ್ಬಿಸಬಲ್ಲನು. ನೀರನ್ನು ಮಾತ್ರ ಒಬ್ಬನೇ ತರಲಾರನು ಎಂಬ ತಿಳಿವಳಿಕೆಯೇ ಆ ಯೋಜನೆಯ ಪಾಯ. 1995ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪುರಸ್ಕಾರವು ದೊರೆಯಿತು. ಅಲ್ಲಿ ವಾಸ್ತುಶಿಲ್ಪ ಯಾವುದು, ವಸತಿ ಯಾವುದು, ನೀರು ಯಾವುದು? ಮೂರು ಸಂಜೆಗಳವರು ಬೇರ್ಪಡಿಸಿ ತೋರಿಸಲಿ.

ಬೆಂಗಳೂರಿನ ಬಚ್ಚಲಿನ ನೀರು ಬೆಂಗಳೂರಿನಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನು ಕೋಲಾರದ ಸೀಮೆಯ ವಾಚಕರಿಗೆ ಹೇಳಬೇಕಾದುದಿಲ್ಲ. 2018ರಿಂದ ರಾಜಧಾನಿಯ ಕೊಳಚೆಯ ನೀರು ಸಂಸ್ಕರಣಗೊಂಡು ಆ ಜಿಲ್ಲೆಯ ಕೆರೆಗಳನ್ನು ತುಂಬುತ್ತಿದೆ. ಒಣಗಿದ್ದ ಕೆರೆಗಳು ತುಂಬಿದುವೆಂದು ಸಂತೋಷಪಟ್ಟವರೂ ಇದ್ದಾರೆ. ಎರಡನೆಯ ಹಂತದ ಸಂಸ್ಕರಣವು ಸಾಲದು, ಮೂರನೆಯ ಹಂತವೂ ಬೇಕೆಂದು ಹಟ ಹಿಡಿದವರೂ ಇದ್ದಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವುಂಟು. ಆದರೆ ಪಟ್ಟಣದ ಮನೆಯಲ್ಲಿ ಬಚ್ಚಲ ನೀರನ್ನೂ ಶೌಚದ ನೀರನ್ನೂ ಒಂದೇ ಕೊಳವೆಗೆ ಸುರಿಯುವ ನಕ್ಷೆಯನ್ನು ಬರೆದವನಿಗೆ, ತಾನು ಹಳ್ಳಿಯೊಂದರ ಕೆರೆಯನ್ನೂ ಬರೆಯುತ್ತಿದ್ದೇನೆಂಬ ಅರಿವು ಇದ್ದಿತೆ? ಇರಲಿಲ್ಲ, ಯಾಕೆಂದರೆ ಅದು ಬೇರೆ ಸಂಜೆಯ ಉಪನ್ಯಾಸ!

ಉಪನ್ಯಾಸಗಳೇ ವ್ಯರ್ಥವೆಂದು ಇಷ್ಟರಿಂದ ಯಾರೂ ಎಣಿಸಬಾರದು. ಒಳ್ಳೆಯ ಉಪನ್ಯಾಸವು ಏನು ಮಾಡಬಲ್ಲುದೆಂಬುದಕ್ಕೂ ನಿದರ್ಶನಗಳುಂಟು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಅಲ್ಲಿಯ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಓಟೋ ಕ್ಯೋನಿಗ್ಸ್‌ಬರ್ಗರರು ಇಲ್ಲಿಯ ಬಿಸಿಲು ಮಳೆಗಳಿಂದ ಕಲಿತ ಪಾಠವನ್ನು ಮುಂದೆ 1950ರ ದಶಕದಲ್ಲಿ ಲಂಡನ್ನಿನ ವಾಸ್ತುಶಾಲೆಯ ಉಷ್ಣವಲಯ ವಿಭಾಗದಲ್ಲಿ ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಕಲಿಸಿದರು. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಿನ್ಯಾಸಶಾಲೆಯಲ್ಲಿ ಅಧ್ಯಾಪಕರಾಗಿದ್ದ ಅನುರಾಧಾ ಮಾಥುರ್ ಮತ್ತು ಅವರ ಸಹಕಾರಿ ದಿಲೀಪ್ ಡ ಕುನ್ಹ ಅವರು ಬೆಂಗಳೂರಿನ ನೆಲವನ್ನೇ ವಿಷಯವಾಗಿ ಹಿಡಿದು 2006ರಲ್ಲಿ 'ಡೆಕ್ಕನ್ ಟ್ರಾವರ್ಸಸ್' ಎಂಬ ಗ್ರಂಥವನ್ನು ಹೊರತಂದರು. ನೆಲವಿದು, ನೀರಿದು ಎಂದು ನಕಾಶೆಯ ಮೇಲೆ ಎಳೆದ ಗೆರೆಯು ಪ್ರಕೃತಿಯದಲ್ಲ, ಮನುಷ್ಯನದು. ನೀರಿನ ಕಥೆಯನ್ನು ನದಿಯಿಂದಲ್ಲ, ಮಳೆಯಿಂದ ಮೊದಲುಮಾಡಬೇಕು ಎಂಬುದು ಅವರ ಬೋಧನೆಯ ಸಾರ. ಆ ಮಾತು ಮಳೆಯ ನಕ್ಷತ್ರಗಳನ್ನು ಬೆರಳಲ್ಲೆಣಿಸುವ ರೈತನಿಗೆ ಹೊಸದೇನೂ ಅಲ್ಲ. ಪಟ್ಟಣದ ನಕ್ಷೆ ಬರೆಯುವವರಿಗೆ ಮಾತ್ರ ಸಿಡಿಲಿನಂತಹದು.

ಇಲ್ಲಿಯೇ ಇನ್ನೊಂದು ಕೊರತೆಯನ್ನು ಹೇಳಬೇಕಾಗುತ್ತದೆ. ಆ ಗ್ರಂಥವು ಇಂಗ್ಲಿಷಿನಲ್ಲಿದೆ. ಕನ್ನಡ ನಾಡಿನೊಳಗಿನ ವಿನ್ಯಾಸಶಾಲೆಗಳ ಉಪನ್ಯಾಸಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಸಾರ್ವಜನಿಕ ಉಪನ್ಯಾಸವೆಂದು ಫಲಕದ ಮೇಲೆ ಬರೆದಿರುತ್ತದೆ; ಸಾರ್ವಜನಿಕರ ಭಾಷೆಯನ್ನು ಒಳಗೆ ಬಿಡುವುದಿಲ್ಲ. ಗಾರೆಯ ಮೇಸ್ತ್ರಿ, ಕೊಳಾಯಿ ಕೆಲಸದವನು, ಬಾವಿ ತೋಡುವ ಕುಲಕಸುಬಿನ ಮಣ್ಣುವಡ್ಡರು, ಮನೆ ಕಟ್ಟಿಸುವ ಗೃಹಿಣಿ, ಇವರಲ್ಲಿ ಯಾರಿಗಾಗಿ ಆ ಬಾಗಿಲು ತೆರೆಯಿತು? ನಕ್ಷೆಯನ್ನು ಬರೆಯುವವನು ಒಬ್ಬನಾದರೆ ಅದನ್ನು ನೆಲಕ್ಕಿಳಿಸುವವರು ಹತ್ತು ಜನ. ತಾರಸಿಯ ಓಟವನ್ನು ಯಾವ ಕಡೆಗೆ ಕೊಡಬೇಕು, ಇಂಗುಬಾವಿಯನ್ನು ಎಷ್ಟು ಆಳಕ್ಕೆ ಇಳಿಸಬೇಕು, ಯಾವ ಮಣ್ಣು ನೀರನ್ನು ಕುಡಿಯುತ್ತದೆ, ಯಾವುದು ಉಗುಳುತ್ತದೆ ಎಂಬುದನ್ನು ಕೊನೆಗೆ ನಿರ್ಧರಿಸುವವರು ಆ ಹತ್ತು ಜನ. ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಪದಗಳಿಲ್ಲವೆಂದು ಯಾರಾದರೂ ಹೇಳಿದರೆ ನಗು ಬರುತ್ತದೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಒರತೆ, ಊಟೆ, ಹೂಳು, ಕಟ್ಟೆ, ಕುಂಟೆ, ಕಲ್ಯಾಣಿ, ತಲಪರಿಗೆ: ನೀರಿನ ಒಂದೊಂದು ನಡೆಗೂ ಒಂದೊಂದು ಹೆಸರನ್ನಿಟ್ಟ ಭಾಷೆಯಿದು. ಪದಗಳು ಇಲ್ಲದೆ ಇಲ್ಲ. ಅವನ್ನು ಬಲ್ಲವರನ್ನು ವೇದಿಕೆಗೆ ಕರೆಯುವ ಮನಸ್ಸಿಲ್ಲ.

ಆದಕಾರಣ ವಿನ್ಯಾಸಶಾಲೆಗಳಿಂದ ನಾಡು ಕೇಳಬೇಕಾದುದು ಹೆಚ್ಚೇನೂ ಅಲ್ಲ. ಮೂರು ಸಂಜೆಗಳನ್ನು ಮೂರು ವಿಷಯಗಳಿಗೆ ಹಂಚುವುದನ್ನು ಬಿಟ್ಟು, ಒಂದು ಮನೆಯನ್ನೋ ಒಂದು ಕೇರಿಯನ್ನೋ ವಿಷಯವಾಗಿ ಹಿಡಿದು ಮೂವರೂ ಒಂದೇ ವೇದಿಕೆಯಲ್ಲಿ ಕುಳಿತು ಮಾತಾಡಲಿ. ಉಪನ್ಯಾಸಗಳಲ್ಲಿ ಅರ್ಧವಾದರೂ ಕನ್ನಡದಲ್ಲಿ ನಡೆಯಲಿ. ವರ್ಷಕ್ಕೊಮ್ಮೆಯಾದರೂ ಸಭಾಂಗಣವನ್ನು ಬಿಟ್ಟು ಕೆರೆಯ ಏರಿಯ ಮೇಲೆ ನಡೆಯಲಿ. ಬಾವಿ ತೋಡುವವನನ್ನು ಕೂಲಿಯವನೆಂದಲ್ಲದೆ ಉಪನ್ಯಾಸಕನೆಂದು ಕರೆದು, ಪಂಡಿತನಿಗೆ ಕೊಡುವ ಗೌರವಧನವನ್ನೇ ಅವನಿಗೂ ಕೊಡಲಿ. ವಿದ್ಯಾರ್ಥಿಯು ಬರೆದ ಯಾವ ನಕ್ಷೆಗೂ, ಅದರ ಮೇಲೆ ಬೀಳುವ ಮಳೆಯೆಷ್ಟು, ಒಳಗೆ ಬೇಕಾದ ನೀರೆಷ್ಟು, ಹೊರಗೆ ಹೋಗುವ ಕೊಳಚೆಯೆಷ್ಟು, ಅದು ಯಾರ ಕೆರೆಗೆ ಹೋಗುತ್ತದೆ ಎಂಬ ನಾಲ್ಕು ಲೆಕ್ಕಗಳಿಲ್ಲದೆ ತೇರ್ಗಡೆಯ ಗುರುತನ್ನು ಹಾಕದಿರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ, ಹೊಸ ತೆರಿಗೆ ಬೇಕಿಲ್ಲ.

ಇದೆಲ್ಲ ವಾಸ್ತುಶಿಲ್ಪದ ಕಲೆಯನ್ನು ಕೊಳಾಯಿಯ ಮಟ್ಟಕ್ಕೆ ಇಳಿಸಿದಂತಾಗುವುದೆಂದು ಮೂಗು ಮುರಿಯುವವರು ಒಮ್ಮೆ ತಾಜ್ ಬಾವಡಿಯ ಮೆಟ್ಟಿಲನ್ನು ಇಳಿದು ಬರಲಿ. ಅಲ್ಲಿ ಕಲೆಯು ನೀರಿನ ಮಟ್ಟಕ್ಕೆ ಇಳಿದು ನಿಂತಿದೆ. ಇಳಿದದ್ದರಿಂದಲೇ ನಾನೂರು ವರ್ಷ ಉಳಿದಿದೆ. "ಮನೆ ಕಟ್ಟಿ ನೋಡು" ಎಂದು ಗಾದೆ ಹೇಳಿತು. ಕಟ್ಟಿದ ಮನೆಗೆ ನೀರು ಎಲ್ಲಿಂದ ಬಂದೀತು, ಆ ಮನೆಯಿಂದ ನೀರು ಎಲ್ಲಿಗೆ ಹೋದೀತು ಎಂಬುದನ್ನು ಕಟ್ಟುವ ಮೊದಲೇ ನೋಡು ಎಂದು ಹೇಳಬೇಕಾದವರು ವಿದ್ಯಾವಂತರು. ಅವರು ಹೇಳದಿದ್ದರೆ, ಮುಂದಿನ ಮಳೆಗಾಲವು ಬೀದಿಯಲ್ಲಿ ನಿಂತು, ಮುಂದಿನ ಬೇಸಿಗೆಯು ಬರಿಯ ಕೊಡದಲ್ಲಿ ಕುಳಿತು, ಅದೇ ಪಾಠವನ್ನು ಯಾವ ಶಾಲೆಯ ಅಪ್ಪಣೆಗೂ ಕಾಯದೆ ಹೇಳುತ್ತವೆ. ಆ ಉಪನ್ಯಾಸದಿಂದ ಎದ್ದು ಹೋಗುವುದಕ್ಕೆ ಮಾತ್ರ ಯಾರಿಗೂ ಬಾಗಿಲಿರುವುದಿಲ್ಲ.